ಮೋಡ ಒಂದೇ, ಕಡತ ಹಲವು

2021ರ ಮೇ 16ರಂದು ತೌಕ್ತೆ ಚಂಡಮಾರುತ ಗೋವಾ ಮತ್ತು ಉತ್ತರ ಕನ್ನಡದ ಕರಾವಳಿಗೆ ಪಶ್ಚಿಮದಲ್ಲಿ, ಹೆಚ್ಚುಕಡಿಮೆ 15 ಡಿಗ್ರಿ ಉತ್ತರ ಅಕ್ಷಾಂಶದ ಬಳಿ ಗುಜರಾತಿನತ್ತ ಸಾಗುತ್ತಿತ್ತು. ಭೂಸ್ಥಿರ ಕಕ್ಷೆಯಿಂದ ಅದನ್ನು ನೋಡುತ್ತಿದ್ದ ಉಪಗ್ರಹಗಳು ಹಲವು. 74 ಡಿಗ್ರಿ ಪೂರ್ವ ರೇಖಾಂಶದಲ್ಲಿ ಭಾರತದ ಇನ್ಸಾಟ್-3ಡಿಆರ್, 82 ಡಿಗ್ರಿಯಲ್ಲಿ ಇನ್ಸಾಟ್-3ಡಿ, 41.5 ಡಿಗ್ರಿಯಲ್ಲಿ ಯುರೋಪಿನ ಮೀಟಿಯೊಸ್ಯಾಟ್-8, ದೂರದ 140.7 ಡಿಗ್ರಿಯಲ್ಲಿ ಜಪಾನಿನ ಹಿಮವಾರಿ-8. ನಾಲ್ಕೂ ನೋಡಿದ್ದು ಒಂದೇ ಮೋಡವನ್ನು. ಆದರೆ ನಾಲ್ಕರ ಕಡತಗಳನ್ನು ಒಂದೇ ನಕ್ಷೆಯ ಮೇಲೆ ಇಟ್ಟರೆ ಮೋಡದ ಅಂಚು ನಾಲ್ಕು ಕಡೆ ಕಾಣುತ್ತದೆ.

ಇದಕ್ಕೆ ಕಾರಣ ಸರಳ ಜ್ಯಾಮಿತಿ. ಉಪಗ್ರಹ ಓರೆಯಾಗಿ ನೋಡಿದಾಗ ಎತ್ತರದ ಮೋಡ ತನ್ನ ನಿಜವಾದ ಜಾಗದಿಂದ ಆಚೆಗೆ ಸರಿದಂತೆ ಕಾಣುತ್ತದೆ. 15 ಕಿ.ಮೀ. ಎತ್ತರದ ಮೋಡದ ನೆತ್ತಿಗೆ ಲೆಕ್ಕ ಹಾಕಿದರೆ, ಹೆಚ್ಚುಕಡಿಮೆ ನೆತ್ತಿಯ ಮೇಲೇ ಇದ್ದ ಇನ್ಸಾಟ್-3ಡಿಆರ್ ಕಡತದಲ್ಲಿ ಅದು ಸುಮಾರು 5 ಕಿ.ಮೀ. ಉತ್ತರಕ್ಕೆ ಸರಿಯುತ್ತದೆ. ಮೀಟಿಯೊಸ್ಯಾಟ್-8ರಲ್ಲಿ ಸುಮಾರು 12 ಕಿ.ಮೀ., ಅದೂ ಪೂರ್ವ ದಿಕ್ಕಿಗೆ. ಅಂದರೆ ಸಮುದ್ರದ ಮೇಲಿನ ಮೋಡ ಹೊನ್ನಾವರದ ನೆಲದ ಮೇಲೆ ಬಂದು ಕೂರಬಹುದು. ಹಿಮವಾರಿಯ ಕಡತದಲ್ಲಿ ಈ ಪ್ರದೇಶ ಭೂಮಿಯ ಅಂಚಿನಲ್ಲಿರುವುದರಿಂದ ಸರಿತ 60 ಕಿ.ಮೀ. ದಾಟುತ್ತದೆ. ಯಾವ ಉಪಗ್ರಹದ ಡೇಟಾ ಎಂದು ಬರೆದಿಡದೆ ಉಳಿಸಿಕೊಂಡ ಒಂದು ಚಿತ್ರದಿಂದ ‘ಈ ತಾಲ್ಲೂಕಿನ ಮೇಲೆ ಮೋಡ ಕವಿದಿತ್ತು’ ಎಂದು ಹೇಳುವುದು ಎಷ್ಟು ಅಪಾಯ ಎಂಬುದು ಇಲ್ಲಿ ತಿಳಿಯುತ್ತದೆ.

ಹವಾಮಾನ ಉಪಗ್ರಹಗಳ ಡೇಟಾ ಇಂದು ವಿದ್ಯಾರ್ಥಿಗಳಿಗೆ, ಪತ್ರಕರ್ತರಿಗೆ, ಮಳೆಯ ಹುಚ್ಚಿರುವ ಹವ್ಯಾಸಿಗಳಿಗೆ ಸುಲಭವಾಗಿ ಸಿಗುತ್ತದೆ. ಇಸ್ರೋದ ಅಹಮದಾಬಾದ್ ಕೇಂದ್ರ ನಡೆಸುವ ಮೋಸ್‌ಡ್ಯಾಕ್ ಸಂಗ್ರಹದಲ್ಲಿ ಹೆಸರು ನೋಂದಾಯಿಸಿದವರು ಇನ್ಸಾಟ್ ಕಡತಗಳನ್ನು ಪಡೆಯಬಹುದು. ಅಮೆರಿಕದ ಗೋಸ್ ಸರಣಿಯ ಡೇಟಾ ಅಮೆಜಾನ್ ಕ್ಲೌಡ್‌ನಲ್ಲಿ ನೋಂದಣಿಯೂ ಇಲ್ಲದೆ ತೆರೆದಿದೆ. ಪಡೆಯುವುದು ಕಷ್ಟವಲ್ಲ. ಕಷ್ಟ ಶುರುವಾಗುವುದು ಒಂದು ವರ್ಷದ ಕಡತವನ್ನು ಇನ್ನೊಂದು ವರ್ಷದ್ದರ ಪಕ್ಕದಲ್ಲಿ, ಒಂದು ಉಪಗ್ರಹದ್ದನ್ನು ಇನ್ನೊಂದರ ಪಕ್ಕದಲ್ಲಿ ಇಡುವಾಗ. ಉಪಗ್ರಹ ಬದಲಾಗುತ್ತದೆ, ಅದು ನಿಂತ ಜಾಗ ಬದಲಾಗುತ್ತದೆ, ಲೆಕ್ಕದ ಸೂತ್ರ ಬದಲಾಗುತ್ತದೆ, ಕಡತದ ಆವೃತ್ತಿ ಬದಲಾಗುತ್ತದೆ. ಇವುಗಳಲ್ಲಿ ಯಾವುದೇ ಒಂದು ಬದಲಾದರೂ ಅಂಕಿ ಬದಲಾಗುತ್ತದೆ, ಆಕಾಶ ಇದ್ದಂತೆಯೇ ಇದ್ದರೂ.

ಮೊದಲ ಅಭ್ಯಾಸ, ಕಡತದ ಹೆಸರನ್ನು ಪೂರ್ತಿ ಓದುವುದು. ಇನ್ಸಾಟ್ ಕಡತದ ಹೆಸರು ‘3ಡಿಐಎಂಜಿ’ ಎಂದು ಶುರುವಾದರೆ ಅದು 2013ರ ಜುಲೈನಲ್ಲಿ ಹಾರಿದ ಇನ್ಸಾಟ್-3ಡಿಯ ಇಮೇಜರ್‌ನದು. ‘3ಆರ್‌ಐಎಂಜಿ’ ಎಂದರೆ 2016ರ ಸೆಪ್ಟೆಂಬರ್ 8ರಂದು ಹಾರಿದ 3ಡಿಆರ್. ‘3ಎಸ್‌ಐಎಂಜಿ’ ಎಂದರೆ 2024ರ ಫೆಬ್ರುವರಿ 17ರಂದು ಹಾರಿದ 3ಡಿಎಸ್. ನಂತರ ದಿನಾಂಕ, ಸಮಯ, ಆಮೇಲೆ ಸಂಸ್ಕರಣೆಯ ಹಂತ. ‘ಎಲ್1ಬಿ’ ಉಪಗ್ರಹ ಕಂಡ ಇಡೀ ಭೂಮುಖ, ಅದರದೇ ನೋಟದ ಜ್ಯಾಮಿತಿಯಲ್ಲಿ. ‘ಎಲ್1ಸಿ’ ಅದರಿಂದ ಏಷ್ಯಾದ ಭಾಗವನ್ನು ಕತ್ತರಿಸಿ ಮರ್ಕೇಟರ್ ನಕ್ಷೆಗೆ ಹೊಂದಿಸಿದ್ದು. ‘ಎಲ್2ಬಿ’ ಎಂದರೆ ಅಳತೆಯಿಂದ ಲೆಕ್ಕ ಹಾಕಿದ ಉತ್ಪನ್ನಗಳು: ಸಮುದ್ರದ ಮೇಲ್ಮೈ ಉಷ್ಣತೆ, ಮಳೆಯ ಅಂದಾಜು ಇತ್ಯಾದಿ. ಹೊಸ ಕಡತಗಳ ಕೊನೆಯಲ್ಲಿ ‘ವಿ01ಆರ್00’ ಎಂಬಂಥ ತುಣುಕು ಇರುತ್ತದೆ. ವಿ ಆವೃತ್ತಿ, ಆರ್ ಅದರ ಪರಿಷ್ಕರಣೆ. ಈ ತುಣುಕಿಲ್ಲದ ಹಳೆಯ ಕಡತಗಳೂ ಅನೇಕರ ಹಾರ್ಡ್ ಡಿಸ್ಕ್‌ನಲ್ಲಿವೆ. ಎರಡನ್ನೂ ಒಂದೇ ಫೋಲ್ಡರಿಗೆ ಸುರಿದು ಒಟ್ಟಿಗೆ ಓಡಿಸುವವರು ಮೊದಲು ಒಂದೇ ದಿನದ ಎರಡೂ ಬಗೆಯ ಕಡತಗಳನ್ನು ತೆರೆದು, ಅಂಕಿಗಳು ಒಂದೇ ಆಗಿವೆಯೇ ಎಂದು ನೋಡಲೇಬೇಕು.

ಚಿತ್ರ ಬೇಕಾದರೆ 1ಸಿ ಸಾಕು. ಅಳತೆ ಬೇಕಾದರೆ 1ಬಿಯಿಂದಲೇ ಶುರು ಮಾಡುವುದು ಒಳ್ಳೆಯದು. ನಕ್ಷೆಗೆ ಹೊಂದಿಸುವಾಗ ಪ್ರತಿ ಪಿಕ್ಸೆಲನ್ನೂ ಹೊಸ ಚೌಕಳಿಗೆ ಸರಿಸಲಾಗಿರುತ್ತದೆ. ಸಣ್ಣ ಗುಡುಗುಮೋಡದ ತುದಿಯಂಥ ಕಿರಿದಾದ ವಸ್ತು ಅಲ್ಲಿ ಮಸುಕಾಗಬಹುದು.

ಸಮಯದ ವಿಷಯದಲ್ಲಿ ಎರಡು ಗುಂಡಿಗಳಿವೆ. ಒಂದು ಎಲ್ಲರಿಗೂ ಗೊತ್ತಿದ್ದರೂ ಎಲ್ಲರೂ ಬೀಳುವಂಥದ್ದು: ಕಡತದ ಹೆಸರಿನಲ್ಲಿರುವುದು ಗ್ರೀನ್‌ವಿಚ್ ಸಮಯ. 0600 ಎಂದಿದ್ದರೆ ನಮ್ಮಲ್ಲಿ ಬೆಳಿಗ್ಗೆ ಹನ್ನೊಂದೂವರೆ. ಎರಡನೆಯದು ಸೂಕ್ಷ್ಮ. ಉಪಗ್ರಹ ಕ್ಯಾಮೆರಾದಂತೆ ಒಂದೇ ಕ್ಷಣದಲ್ಲಿ ಚಿತ್ರ ತೆಗೆಯುವುದಿಲ್ಲ, ಉತ್ತರದಿಂದ ದಕ್ಷಿಣಕ್ಕೆ ಸಾಲುಸಾಲಾಗಿ ಗುಡಿಸುತ್ತಾ ಬರುತ್ತದೆ. ಇನ್ಸಾಟ್‌ನ ಇಮೇಜರ್‌ಗೆ ಇಡೀ ಭೂಮುಖ ಮುಗಿಸಲು 25 ನಿಮಿಷಕ್ಕೂ ಹೆಚ್ಚು ಬೇಕು. ಹಾಗಾಗಿ 0600ರ ಕಡತದಲ್ಲಿ ಕಾಶ್ಮೀರ ಮೊದಲು ಬರುತ್ತದೆ, ಕರ್ನಾಟಕ ಕೆಲವು ನಿಮಿಷ ತಡವಾಗಿ ಬರುತ್ತದೆ. ಮೀಟಿಯೊಸ್ಯಾಟ್‌ನ ಸೆವಿರಿ ಉಪಕರಣ ಇದಕ್ಕೆ ವಿರುದ್ಧವಾಗಿ ದಕ್ಷಿಣದಿಂದ ಉತ್ತರಕ್ಕೆ ಗುಡಿಸುತ್ತದೆ. ಅದರ ‘ನೇಟಿವ್’ ಕಡತದ ಹೆಸರಿನಲ್ಲಿರುವುದು ಗುಡಿಸಿ ಮುಗಿದ ಸಮಯ: 12 ಗಂಟೆಗೆ ಶುರುವಾದದ್ದು 12 ಗಂಟೆ 12 ನಿಮಿಷ 43 ಸೆಕೆಂಡ್ ಎಂದು ಹೆಸರು ಹೊತ್ತಿರುತ್ತದೆ. ಅಮೆರಿಕದ ಗೋಸ್ ಕಡತ ಮೂರು ಸಮಯಗಳನ್ನು ಹೊರುತ್ತದೆ. ಎಸ್ ಶುರುವಾದದ್ದು, ಇ ಮುಗಿದದ್ದು, ಸಿ ಕಡತ ತಯಾರಾದದ್ದು. ಅಲ್ಲಿ ತಿಂಗಳಿನ ಬದಲು ವರ್ಷದ ಎಷ್ಟನೇ ದಿನ ಎಂಬುದಿರುತ್ತದೆ. 2025097 ಎಂದರೆ 2025ರ ಏಪ್ರಿಲ್ 7. ಒಂದೇ ಎಸ್ ಇದ್ದು ಬೇರೆ ಬೇರೆ ಸಿ ಇರುವ ಎರಡು ಕಡತ ಸಿಕ್ಕರೆ ಅದೇ ದೃಶ್ಯವನ್ನು ಎರಡು ಸಲ ತಯಾರಿಸಲಾಗಿದೆ ಎಂದರ್ಥ. ಎರಡನ್ನೂ ಎಣಿಕೆಗೆ ಸೇರಿಸಿದರೆ ಆ ಹೊತ್ತಿನ ಮೋಡಗಳು ಇಮ್ಮಡಿಯಾಗುತ್ತವೆ.

ಕಡತದ ಒಳಗೆ ಹೋದರೆ ಅಲ್ಲಿರುವ ಅಂಕಿ ಉಷ್ಣತೆಯಲ್ಲ. ಇನ್ಸಾಟ್-3ಡಿ ಸರಣಿಯಲ್ಲಿ ಪ್ರತಿ ಪಿಕ್ಸೆಲ್ಲಿಗೂ 0ಯಿಂದ 1023ರ ತನಕದ ಒಂದು ಎಣಿಕೆ ಇರುತ್ತದೆ. ಆ ಎಣಿಕೆಯನ್ನು ಕೆಲ್ವಿನ್‌ಗೆ ಬದಲಿಸುವ 1024 ಸಾಲಿನ ಕೋಷ್ಟಕ ಅದೇ ಕಡತದಲ್ಲಿರುತ್ತದೆ. ಒಂದು ದಿನದ ಕೋಷ್ಟಕವನ್ನು ಉಳಿಸಿಟ್ಟುಕೊಂಡು ಎಲ್ಲ ದಿನಗಳಿಗೂ ಬಳಸುವುದು ಸಮಯ ಉಳಿಸುವ ಉಪಾಯದಂತೆ ಕಾಣುತ್ತದೆ. ಆದರೆ ಉಪಕರಣದ ಕ್ಯಾಲಿಬ್ರೇಷನ್ ಆಗಾಗ ಬದಲಾಗುತ್ತಿರುತ್ತದೆ, ಆ ಬದಲಾವಣೆ ಬಂದು ಸೇರುವುದೇ ಆ ಕೋಷ್ಟಕದಲ್ಲಿ. ಆದ್ದರಿಂದ ಪ್ರತಿ ಕಡತಕ್ಕೂ ಅದರದೇ ಕೋಷ್ಟಕ. ಗೋಸ್ ಕಡತಗಳಲ್ಲಿ ಕೋಷ್ಟಕದ ಬದಲು ಒಂದು ಗುಣಕ, ಒಂದು ಕೂಡಿಕೆ, ಜೊತೆಗೆ ಪ್ಲ್ಯಾಂಕ್ ಸೂತ್ರದ ನಾಲ್ಕು ಸ್ಥಿರಾಂಕಗಳು ಇರುತ್ತವೆ. ಸ್ಥಿರಾಂಕ ಎಂಬ ಹೆಸರಿದ್ದರೂ ಒಂದು ಉಪಗ್ರಹದ್ದು ಇನ್ನೊಂದಕ್ಕೆ ಆಗುವುದಿಲ್ಲ. ಕಂಪ್ಯೂಟರ್ ಕಾರ್ಯಕ್ರಮದಲ್ಲಿ ಗೋಸ್-16ರ ಅಂಕಿಗಳನ್ನು ಕೈಯಾರೆ ಬರೆದಿಟ್ಟವರು ಗೋಸ್-19 ಬಂದಾಗ ತಪ್ಪು ಉಷ್ಣತೆ ಪಡೆಯುತ್ತಾರೆ. ತಪ್ಪು ಸಣ್ಣದಾದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ, ಅದೇ ಅದರ ಕೆಡುಕು.

ಗೋಸ್‌ನ ಕಥೆ ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕಾದದ್ದು, ಏಕೆಂದರೆ ಆವೃತ್ತಿಗಳ ಬಹುತೇಕ ಎಲ್ಲ ತೊಡಕುಗಳೂ ಅದರೊಳಗಿವೆ. ಗೋಸ್-16 ಹಾರಿದ್ದು 2016ರ ನವೆಂಬರ್ 19ರಂದು. ಸುಮಾರು ಒಂದು ವರ್ಷ ಅದು 89.5 ಡಿಗ್ರಿ ಪಶ್ಚಿಮದಲ್ಲಿ ಪರೀಕ್ಷೆಗೆ ನಿಂತಿತ್ತು. ಆಗಿನ ಡೇಟಾ ಸಾರ್ವಜನಿಕರಿಗೆ ಸಿಗುತ್ತಿತ್ತು, ‘ಇದು ಪ್ರಾಥಮಿಕ, ಅಧಿಕೃತ ಬಳಕೆಗೆ ಅಲ್ಲ’ ಎಂಬ ಎಚ್ಚರಿಕೆಯೊಂದಿಗೆ. ನಂತರ 75.2 ಡಿಗ್ರಿಗೆ ಸರಿದು 2017ರ ಡಿಸೆಂಬರ್ 18ರಂದು ಪೂರ್ವ ಅಮೆರಿಕದ ಅಧಿಕೃತ ಉಪಗ್ರಹವಾಯಿತು. ಎರಡೂ ಕಾಲದ ಕಡತಗಳಲ್ಲಿ ಸಾಲು, ಕಂಬಗಳ ಸಂಖ್ಯೆ ಒಂದೇ. ಆದರೆ ಚಿತ್ರದ ನಡುವಿನ ಪಿಕ್ಸೆಲ್ ತೋರಿಸುವ ಸ್ಥಳ ಮಾತ್ರ ಸಮಭಾಜಕದ ಉದ್ದಕ್ಕೂ 1,500 ಕಿ.ಮೀ.ಗಿಂತ ಹೆಚ್ಚು ಆಚೆಗೆ ಹೋಗಿದೆ. ಅಕ್ಷಾಂಶ, ರೇಖಾಂಶಗಳ ಚೌಕಳಿಯನ್ನು ಒಮ್ಮೆ ಲೆಕ್ಕ ಹಾಕಿ ಇಟ್ಟುಕೊಂಡವರು 2017ರ ಡೇಟಾದ ಮೇಲೆ ಅದನ್ನು ಹಾಕುವ ಮುನ್ನ ಕಡತದಲ್ಲಿ ಬರೆದಿರುವ ಉಪಗ್ರಹದ ರೇಖಾಂಶವನ್ನು ಓದಬೇಕು.

ಮುಂದೆ 2019ರ ಏಪ್ರಿಲ್ 2ರಂದು ಇಡೀ ಭೂಮುಖದ ಚಿತ್ರ 15 ನಿಮಿಷಕ್ಕೊಮ್ಮೆ ಬರುವುದು ನಿಂತು 10 ನಿಮಿಷಕ್ಕೊಮ್ಮೆ ಬರತೊಡಗಿತು. ಕಡತದ ಹೆಸರಿನಲ್ಲಿ ಎಂ3 ಇದ್ದದ್ದು ಎಂ6 ಆಯಿತು. ಗಂಟೆಗೆ ನಾಲ್ಕಿದ್ದ ಚಿತ್ರಗಳು ಆರಾದವು. ದಿನಕ್ಕೆ ಎಷ್ಟು ಚಿತ್ರಗಳಲ್ಲಿ ಗುಡುಗುಮೋಡ ಕಂಡಿತು ಎಂದು ಎಣಿಸುವ ಅಧ್ಯಯನದಲ್ಲಿ ಆ ದಿನದಿಂದಾಚೆಗೆ ಗುಡುಗು ಒಂದೂವರೆ ಪಟ್ಟು ಹೆಚ್ಚಿದಂತೆ ಕಾಣುತ್ತದೆ. ಅದೇ ತಿಂಗಳು ಕೆಂಪು ಬೆಳಕಿನ ಚಾನೆಲ್‌ನ ಕ್ಯಾಲಿಬ್ರೇಷನನ್ನೂ ತಿದ್ದಲಾಯಿತು. ಅಲ್ಲಿಯ ತನಕ ಅದು ಮೋಡಗಳನ್ನು ಇರುವುದಕ್ಕಿಂತ ಹೊಳಪಾಗಿ ತೋರಿಸುತ್ತಿತ್ತು.

ಪಶ್ಚಿಮದಲ್ಲಿದ್ದ ಗೋಸ್-17ರದು ಬೇರೆ ತೊಂದರೆ. 2018ರ ಮಾರ್ಚ್ 1ರಂದು ಹಾರಿದ ಆ ಉಪಗ್ರಹದ ಇಮೇಜರನ್ನು ತಂಪಾಗಿಡುವ ವ್ಯವಸ್ಥೆ ಸರಿಯಾಗಿ ಕೆಲಸ ಮಾಡಲಿಲ್ಲ. ವರ್ಷದ ಕೆಲವು ಅವಧಿಗಳಲ್ಲಿ ರಾತ್ರಿ ಹೊತ್ತು ಬಿಸಿಲು ಉಪಕರಣದೊಳಕ್ಕೇ ಬೀಳುವಾಗ ಅದು ಕಾಯುತ್ತಿತ್ತು. ಆ ಗಂಟೆಗಳಲ್ಲಿ ಕೆಲವು ಇನ್‌ಫ್ರಾರೆಡ್ ಚಾನೆಲ್‌ಗಳ ಅಂಕಿ ಬಳಸಲು ಬರುತ್ತಿರಲಿಲ್ಲ. ಕಡತ ಮಾತ್ರ ಎಂದಿನಂತೆ ಬಂದು ಬೀಳುತ್ತಿತ್ತು, ಗಾತ್ರವೂ ಸರಿಯಾಗಿರುತ್ತಿತ್ತು. ಗೊತ್ತಾಗುತ್ತಿದ್ದುದು ಪ್ರತಿ ಪಿಕ್ಸೆಲ್ಲಿನ ಜೊತೆಗಿರುವ ಗುಣಮಟ್ಟದ ಗುರುತಿನಿಂದ. ಆ ಗುರುತನ್ನು ಓದದೆ ಬಿಡುವುದು ಈ ಕೆಲಸದಲ್ಲಿ ಅತಿ ಸಾಮಾನ್ಯವಾದ, ಅತಿ ಸುಲಭವಾಗಿ ತಪ್ಪಿಸಬಹುದಾದ ಲೋಪ. 2023ರ ಜನವರಿ 4ರಂದು ಗೋಸ್-18 ಅದರ ಸ್ಥಾನಕ್ಕೆ ಬಂತು. ಪೂರ್ವದಲ್ಲಿ 2025ರ ಏಪ್ರಿಲ್ 7ರಂದು ಗೋಸ್-19 ಬಂದು 16ನ್ನು ಬಿಡಿಸಿತು. ಕ್ಲೌಡ್‌ನಲ್ಲಿ ಪ್ರತಿ ಉಪಗ್ರಹಕ್ಕೂ ಬೇರೆ ಬೇರೆ ಸಂಗ್ರಹ ಇರುವುದರಿಂದ 16ರ ವಿಳಾಸವನ್ನೇ ನೋಡುತ್ತಿದ್ದ ಕಾರ್ಯಕ್ರಮಗಳಿಗೆ ಆ ದಿನದಿಂದ ಹೊಸ ಕಡತ ಸಿಗಲಿಲ್ಲ. ಕಾರ್ಯಕ್ರಮ ಬರೆಯುವಾಗ ಉಪಗ್ರಹದ ಸಂಖ್ಯೆಯನ್ನು ಒಳಗೆಲ್ಲೂ ಹೂತಿಡದೆ, ದಿನಾಂಕ ಕೊಟ್ಟರೆ ಉಪಗ್ರಹ ಹೇಳುವ ಒಂದು ಚಿಕ್ಕ ಪಟ್ಟಿಯನ್ನು ಹೊರಗಿಟ್ಟುಕೊಂಡರೆ ಈ ತೊಂದರೆ ಇರುವುದಿಲ್ಲ.

ಇಷ್ಟೆಲ್ಲ ದಿನಾಂಕಗಳನ್ನು ನೆನಪಿಡುವುದು ಏಕೆ? ಹಿಂದೂ ಮಹಾಸಾಗರದ ದಾಖಲೆಯನ್ನು ನೋಡಿದರೆ ಉತ್ತರ ಸಿಗುತ್ತದೆ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳ ಸ್ವಭಾವ ಬದಲಾಗುತ್ತಿದೆಯೇ ಎಂಬುದು ಕರಾವಳಿಯ ಮೀನುಗಾರರಿಂದ ಹಿಡಿದು ವಿಜ್ಞಾನಿಗಳ ತನಕ ಎಲ್ಲರ ಪ್ರಶ್ನೆ. ಅದಕ್ಕೆ ದಶಕಗಳ ಉಪಗ್ರಹ ದಾಖಲೆ ಬೇಕು. ಆದರೆ ಜಗತ್ತಿನ ಭೂಸ್ಥಿರ ಉಪಗ್ರಹಗಳ ಹಳೆಯ ಚಿತ್ರಗಳನ್ನು ಒಟ್ಟು ಸೇರಿಸಿ ಅಮೆರಿಕದ ನೋವಾ ಸಂಸ್ಥೆ ತಯಾರಿಸಿರುವ, 1980ರಿಂದ ಮೂರು ಗಂಟೆಗೊಮ್ಮೆಯ ಡೇಟಾ ಇರುವ ಗ್ರಿಡ್‌ಸ್ಯಾಟ್-ಬಿ1 ಸಂಗ್ರಹದಲ್ಲಿ 1998ರ ಮುನ್ನ ಹಿಂದೂ ಮಹಾಸಾಗರದ ಮೇಲೆ ದೊಡ್ಡ ಖಾಲಿ ಜಾಗವಿದೆ. ಇನ್ಸಾಟ್ ಉಪಗ್ರಹಗಳು 1980ರ ದಶಕದಿಂದ ಇಲ್ಲಿ ಮೋಡಗಳನ್ನು ನೋಡುತ್ತಿದ್ದವು, ಹಾಸನದ ನಿಯಂತ್ರಣ ಕೇಂದ್ರ ಅವನ್ನು ಕಕ್ಷೆಯಲ್ಲಿ ಸರಿಯಾಗಿ ನಿಲ್ಲಿಸುತ್ತಿತ್ತು. ಆದರೆ ಆ ಡೇಟಾ ಜಾಗತಿಕ ಸಂಗ್ರಹಕ್ಕೆ ಸೇರಲಿಲ್ಲ. 1998ರಲ್ಲಿ ಇಂಡೋಎಕ್ಸ್ ಎಂಬ ಅಂತರರಾಷ್ಟ್ರೀಯ ಪ್ರಯೋಗಕ್ಕಾಗಿ ಯುರೋಪಿನವರು ಮೀಟಿಯೊಸ್ಯಾಟ್-5ನ್ನು 63 ಡಿಗ್ರಿ ಪೂರ್ವಕ್ಕೆ ತಂದ ಮೇಲಷ್ಟೇ ಈ ಜಾಗ ತುಂಬಿತು.

ತುಂಬಿದ ಮೇಲೂ ನೋಟ ಒಂದೇ ಇರಲಿಲ್ಲ. ಮೀಟಿಯೊಸ್ಯಾಟ್-5ರ ನಂತರ 57.5 ಡಿಗ್ರಿಯಲ್ಲಿ ಮೀಟಿಯೊಸ್ಯಾಟ್-7, 2017ರಿಂದ 41.5 ಡಿಗ್ರಿಯಲ್ಲಿ ಮೀಟಿಯೊಸ್ಯಾಟ್-8, 2022ರ ಜೂನ್‌ನಿಂದ 45.5 ಡಿಗ್ರಿಯಲ್ಲಿ ಮೀಟಿಯೊಸ್ಯಾಟ್-9. ಮೊದಲ ಎರಡು ಹಳೆಯ ಪೀಳಿಗೆಯವು: ಮೂರು ಚಾನೆಲ್, ಅರ್ಧ ಗಂಟೆಗೊಮ್ಮೆ ಚಿತ್ರ, ಇನ್‌ಫ್ರಾರೆಡ್ ಪಿಕ್ಸೆಲ್ 5 ಕಿ.ಮೀ. ಆಮೇಲಿನವು ಹೊಸ ಪೀಳಿಗೆ: 12 ಚಾನೆಲ್, ಕಾಲು ಗಂಟೆಗೊಮ್ಮೆ ಚಿತ್ರ, 3 ಕಿ.ಮೀ. ಪಿಕ್ಸೆಲ್. ದೊಡ್ಡ ಪಿಕ್ಸೆಲ್ ಮೋಡದ ತೀರಾ ತಣ್ಣನೆಯ ತುದಿಯನ್ನು ಸುತ್ತಲಿನ ಬೆಚ್ಚನೆಯ ಭಾಗದೊಂದಿಗೆ ಸೇರಿಸಿ ಸರಾಸರಿ ಮಾಡುತ್ತದೆ. ಚಿಕ್ಕ ಪಿಕ್ಸೆಲ್ ಆ ತುದಿಯನ್ನು ಬಿಡಿಸಿ ತೋರಿಸುತ್ತದೆ. ಹಾಗಾಗಿ 200 ಕೆಲ್ವಿನ್‌ಗಿಂತ ತಣ್ಣನೆಯ ಪಿಕ್ಸೆಲ್‌ಗಳನ್ನು ಎಣಿಸಿ ವರ್ಷವಾರು ರೇಖೆ ಎಳೆದರೆ 2017ರಲ್ಲಿ ಅದು ಮೇಲಕ್ಕೆ ಜಿಗಿಯಬಹುದು. ಹವಾಗುಣ ಬದಲಾವಣೆ ನಿಜ, ಅರಬ್ಬಿ ಸಮುದ್ರ ಕಾಯುತ್ತಿರುವುದೂ ನಿಜ. ಅದಕ್ಕೇ ಅದರ ಪುರಾವೆಯಲ್ಲಿ ಉಪಕರಣದ ಜಿಗಿತ ಬೆರೆಯಬಾರದು.

ಇದಕ್ಕೆ ಕೆಲವು ಉಪಾಯಗಳಿವೆ. ಎಲ್ಲ ಕಾಲದ ಡೇಟಾವನ್ನೂ ಅವುಗಳಲ್ಲಿ ಅತಿ ಒರಟಾದದ್ದರ ಮಟ್ಟಕ್ಕೆ, ಉದಾಹರಣೆಗೆ 8 ಕಿ.ಮೀ. ಚೌಕಳಿಗೆ, ಮೂರು ಗಂಟೆಗೊಮ್ಮೆಗೆ ಇಳಿಸಿ ಹೋಲಿಸಬೇಕು. ಎರಡು ಉಪಗ್ರಹಗಳು ಒಟ್ಟಿಗೆ ನೋಡುತ್ತಿದ್ದ ಅವಧಿಯಿದ್ದರೆ ಅಲ್ಲಿ ಎರಡರ ಅಂಕಿಗಳನ್ನೂ ಜೋಡಿಸಿ ವ್ಯತ್ಯಾಸ ಎಷ್ಟೆಂದು ನೋಡಬೇಕು; ಇನ್ಸಾಟ್-3ಡಿ ಮತ್ತು 3ಡಿಆರ್ ವರ್ಷಗಟ್ಟಲೆ ಒಟ್ಟಿಗೆ ಕೆಲಸ ಮಾಡಿದ್ದು ಇದಕ್ಕೆ ಒಳ್ಳೆಯ ಅವಕಾಶ. ಚಾನೆಲ್‌ಗಳ ಹೆಸರು ಒಂದೇ ಇದ್ದರೂ ಅವು ಹಿಡಿಯುವ ತರಂಗಾಂತರ ತುಸು ಬೇರೆ ಎಂಬುದನ್ನೂ ಮರೆಯಬಾರದು. ಇನ್ಸಾಟ್‌ನ ಮೊದಲ ಉಷ್ಣ ಚಾನೆಲ್ 10.3ರಿಂದ 11.3 ಮೈಕ್ರಾನ್, ಮೀಟಿಯೊಸ್ಯಾಟ್‌ನ ನಡುಬಿಂದು 10.8, ಹಿಮವಾರಿಯದು 10.4. ಈ ವ್ಯತ್ಯಾಸಗಳನ್ನು ಅಳೆಯಲೆಂದೇ 2005ರಲ್ಲಿ ವಿಶ್ವ ಹವಾಮಾನ ಸಂಸ್ಥೆಯ ಮುಂದಾಳತ್ವದಲ್ಲಿ ಜಿಸಿಕ್ಸ್ ಎಂಬ ಸಹಕಾರ ವ್ಯವಸ್ಥೆ ಶುರುವಾಯಿತು. ಇಸ್ರೋ ಮತ್ತು ಭಾರತೀಯ ಹವಾಮಾನ ಇಲಾಖೆ ಎರಡೂ ಅದರಲ್ಲಿವೆ. ಧ್ರುವ ಕಕ್ಷೆಯ ಮೆಟಾಪ್ ಉಪಗ್ರಹದಲ್ಲಿರುವ ನಿಖರ ಉಪಕರಣ ಐಯಾಸಿಯನ್ನು ಮಾನದಂಡವಾಗಿಟ್ಟುಕೊಂಡು ಭೂಸ್ಥಿರ ಉಪಗ್ರಹಗಳ ಓದಿಗೆ ತಿದ್ದುಪಡಿ ಕೊಡುವ ಪದ್ಧತಿ ಅಲ್ಲಿ ಬೆಳೆದಿದೆ.

ಕಂಪ್ಯೂಟರಿನಲ್ಲಿ ಕೂತು ಕೆಲಸ ಮಾಡುವವರಿಗೆ ಪೈಥಾನ್ ಭಾಷೆಯ ಸ್ಯಾಟ್‌ಪೈ ಎಂಬ ಉಚಿತ ಸಾಧನ ದೊಡ್ಡ ನೆರವು. ಗೋಸ್, ಹಿಮವಾರಿ, ಮೀಟಿಯೊಸ್ಯಾಟ್, ಇನ್ಸಾಟ್-3ಡಿ ಎಲ್ಲಕ್ಕೂ ಅದರಲ್ಲಿ ಪ್ರತ್ಯೇಕ ಓದುಗಗಳಿವೆ. ಮೇಲೆ ಹೇಳಿದ ಗುಣಕ, ಕೋಷ್ಟಕ, ಜ್ಯಾಮಿತಿಗಳನ್ನು ಅವು ತಾವೇ ನೋಡಿಕೊಳ್ಳುತ್ತವೆ. ಮೋಡದ ನೆತ್ತಿಯ ಎತ್ತರ ಗೊತ್ತಿದ್ದರೆ ತೌಕ್ತೆಯಂಥ ಸಂದರ್ಭದ ಸರಿತವನ್ನು ತಿದ್ದುವ ಸೌಲಭ್ಯವೂ ಉಂಟು. ಆದರೆ ಸ್ಯಾಟ್‌ಪೈಗೂ ಆವೃತ್ತಿಗಳಿವೆ, ಅವೂ ಬದಲಾಗುತ್ತವೆ. ಯಾವ ಆವೃತ್ತಿಯಲ್ಲಿ ಲೆಕ್ಕ ಹಾಕಿದ್ದು ಎಂಬುದನ್ನು ಉಪಗ್ರಹದ ಹೆಸರು, ಸಂಸ್ಕರಣೆಯ ಹಂತ, ಕಡತದ ಆವೃತ್ತಿ, ಇಳಿಸಿಕೊಂಡ ದಿನಾಂಕಗಳ ಜೊತೆಗೆ ಒಂದು ಸಾಲಿನಲ್ಲಿ ಬರೆದಿಡಬೇಕು. ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಈ ಒಂದು ಸಾಲನ್ನು ಮೊದಲ ದಿನವೇ ಬರೆದರೆ ಮಾರ್ಗದರ್ಶಕರ ಅರ್ಧ ಪ್ರಶ್ನೆಗಳಿಗೆ ಅದೇ ಉತ್ತರ. ಕಾರ್ಯಕ್ರಮ ಬರೆಯದೆ ಇಂದಿನ ಮೋಡ ನೋಡಬೇಕಾದವರಿಗೆ ಬ್ರೌಸರಿನಲ್ಲೇ ಇನ್ಸಾಟ್ ಚಿತ್ರ ತೋರಿಸುವ ರ್‍ಯಾಪಿಡ್ ತಾಣವಿದೆ.

ಕೊನೆಗೆ ಮಳೆ. ಹೆಚ್ಚಿನವರು ಈ ಕಡತಗಳ ಬಳಿ ಬರುವುದೇ ಅದಕ್ಕಾಗಿ. ಇನ್ಸಾಟ್‌ನ ಒಂದೇ ಇನ್‌ಫ್ರಾರೆಡ್ ಚಿತ್ರದಿಂದ ಮಳೆಯ ಒಂದಕ್ಕಿಂತ ಹೆಚ್ಚು ಅಂದಾಜುಗಳು ತಯಾರಾಗುತ್ತವೆ. ಅವುಗಳಲ್ಲಿ ಅತಿ ಹಳೆಯ ವಿಧಾನ ಜಿಪಿಐ: 235 ಕೆಲ್ವಿನ್‌ಗಿಂತ ತಣ್ಣನೆಯ ಮೋಡ ಕಂಡಲ್ಲಿ ಗಂಟೆಗೆ 3 ಮಿ.ಮೀ. ಮಳೆ ಎಂದು ಹಿಡಿಯುತ್ತದೆ. ಹೈಡ್ರೊ-ಎಸ್ಟಿಮೇಟರ್ ಪಿಕ್ಸೆಲ್ ಮಟ್ಟದಲ್ಲಿ ಮೋಡದ ಸುತ್ತಲಿನ ತೇವಾಂಶದಂಥ ಸಂಗತಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇಮ್ಸ್ರಾ ಮೂರನೆಯದು. ಮೂರರ ಅಂಕಿಗಳೂ ಒಂದೇ ಆಗಿರುವುದಿಲ್ಲ, ಆಗಬೇಕೆಂದೂ ಇಲ್ಲ. ನಾಸಾದ ಐಮರ್ಗ್ ಮಳೆ ಡೇಟಾದಲ್ಲಿ ಸುಮಾರು ನಾಲ್ಕು ಗಂಟೆಯಲ್ಲಿ ಸಿಗುವ ‘ಅರ್ಲಿ’, ಆಮೇಲಿನ ‘ಲೇಟ್’, ತಿಂಗಳುಗಳ ನಂತರ ನೆಲದ ಮಳೆಮಾಪಕಗಳೊಂದಿಗೆ ಹೊಂದಿಸಿ ಕೊಡುವ ‘ಫೈನಲ್’ ಎಂಬ ಮೂರು ಓಟಗಳಿವೆ. 2023ರಲ್ಲಿ ಅದರ 7ನೇ ಆವೃತ್ತಿಯೂ ಬಂತು. ಹಳೆಯ ವರ್ಷಗಳಿಗೆ 6, ಹೊಸ ವರ್ಷಗಳಿಗೆ 7 ಬಳಸಿದರೆ ಮೀಟಿಯೊಸ್ಯಾಟ್‌ಗಳು ಬದಲಾದಾಗ ಕಂಡಂಥದೇ ಜಿಗಿತ ಮತ್ತೆ ಎದುರಾಗುತ್ತದೆ. ಇಡೀ ಸರಣಿಯನ್ನು ಒಂದೇ ಆವೃತ್ತಿಯಲ್ಲಿ, ಒಂದೇ ಓಟದಲ್ಲಿ ಮತ್ತೆ ಇಳಿಸಿಕೊಳ್ಳುವುದೇ ದಾರಿ.

ಮಲೆನಾಡಿನ ಮಟ್ಟಿಗೆ ಇನ್ನೊಂದು ಎಚ್ಚರಿಕೆ ಬೇಕು. ಮುಂಗಾರಿನಲ್ಲಿ ಆಗುಂಬೆ, ಹುಲಿಕಲ್ ಕಡೆ ಸುರಿಯುವ ಮಳೆಯ ದೊಡ್ಡ ಪಾಲು ಘಟ್ಟಕ್ಕೆ ತಾಗಿ ಏರುವ, ಅಷ್ಟೇನೂ ಎತ್ತರವಲ್ಲದ ಮೋಡಗಳದು. ಅವುಗಳ ನೆತ್ತಿ ಬೆಚ್ಚಗಿರುತ್ತದೆ. ತಣ್ಣನೆಯ ನೆತ್ತಿಯನ್ನು ಹುಡುಕುವ ವಿಧಾನ ಅಲ್ಲಿ ದಿನವಿಡೀ ಸುರಿದ ಮಳೆಯನ್ನೂ ಕಡಿಮೆ ತೋರಿಸಬಹುದು. ಆದ್ದರಿಂದ ಘಟ್ಟದ ಅಂದಾಜನ್ನು ನೆಲದ ಮಳೆಮಾಪಕದೊಂದಿಗೆ ಹೋಲಿಸದೆ ಬಳಸಬಾರದು. ಕರ್ನಾಟಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಹೋಲಿಸುವಾಗ ದಿನ ಎಲ್ಲಿಂದ ಎಲ್ಲಿಗೆ ಎಂಬುದನ್ನೂ ಸರಿಪಡಿಸಿಕೊಳ್ಳಬೇಕು. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರ ತನಕ, ಅಂದರೆ ಗ್ರೀನ್‌ವಿಚ್ ಸಮಯ 03ರಿಂದ 03. ಉಪಗ್ರಹದ ಸಿದ್ಧ ದೈನಿಕ ಕಡತ ಸಾಮಾನ್ಯವಾಗಿ 00ಯಿಂದ 00ಗೆ ಕೂಡಿಸಿದ್ದು. ದೈನಿಕ ಕಡತವನ್ನು ಬಿಟ್ಟು ಅರ್ಧ ಗಂಟೆಯ 48 ಕಡತಗಳನ್ನು 0300ರಿಂದ ಶುರು ಮಾಡಿ ತಾವೇ ಕೂಡಿಸಬೇಕು, ಬಂದ ಮೊತ್ತವನ್ನು ಮರುದಿನದ ದಿನಾಂಕದಡಿ ಮಾಪಕದ ಅಂಕಿಯ ಪಕ್ಕದಲ್ಲಿ ಬರೆಯಬೇಕು.